ಅವಸರೇನೈತಿ?

ಹಾವಿನ ಭಯವನ್ನು ಯಾರೂ ಮುಚ್ಚಿಡುವುದಿಲ್ಲ. ಕತ್ತಲ ಭಯ, ಬಾವಿಯ ಭಯ, ಗುಡುಗಿನ ಭಯ ಎಲ್ಲವನ್ನೂ ಜನ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಾರೆ. ಗಾಡಿ ಹೊಡೆಯುವ ಭಯ ಮಾತ್ರ ಬಾಯಿಗೆ ಬರುವುದಿಲ್ಲ. "ಬಸ್ಸೈತಲ್ರಿ, ಗಾಡಿ ಯಾಕ?" ಎನ್ನುವ ಮಾತಿನಲ್ಲಿ, "ಪೆಟ್ರೋಲು ತುಟ್ಟಿ" ಎನ್ನುವ ಲೆಕ್ಕದಲ್ಲಿ, "ನಮ್ಮವ್ರು ಹೊಡೀತಾರ, ನನಗ್ಯಾಕ ಬೇಕು" ಎನ್ನುವ ನಗುವಿನಲ್ಲಿ ಅದು ವರ್ಷಗಟ್ಟಲೆ ಅಡಗಿ ಕೂತಿರುತ್ತದೆ. ನನ್ನಲ್ಲೂ ಹಾಗೇ ಕೂತಿತ್ತು. ಲೈಸೆನ್ಸು ಪರ್ಸಿನಲ್ಲಿತ್ತು, ಕಾರು ಕೊಪ್ಪಳದ ಮನೆಯ ಮುಂದಿತ್ತು, ತವರು ಕುಷ್ಟಗಿ ತಾಲ್ಲೂಕಿನ ಹಳ್ಳಿಯಲ್ಲಿತ್ತು. ಈ ಮೂರನ್ನೂ ಜೋಡಿಸುವ ಧೈರ್ಯ ಇರಲಿಲ್ಲ.

ಆ ಭಯಕ್ಕೆ ಅದರದೇ ದಿನಚರಿ ಇರುತ್ತದೆ. ನಾಳೆ ಗಾಡಿ ತೆಗೆಯಬೇಕೆಂದರೆ ಹಿಂದಿನ ರಾತ್ರಿಯೇ ಶುರು. ಕಣ್ಣು ಮುಚ್ಚಿದರೆ ದಾರಿ ಬಿಚ್ಚಿಕೊಳ್ಳುತ್ತದೆ. ಪ್ರತಿ ತಿರುವಿನಲ್ಲೂ ಒಂದು ಲಾರಿ ಕಾದು ನಿಂತಿರುತ್ತದೆ. ಬೆಳಗಾದರೆ ಅಂಗೈ ಬೆವರು, ಬಾಯಿ ಒಣ, ಕ್ಲಚ್ ಮೇಲಿಟ್ಟ ಎಡಗಾಲಿಗೆ ಸಣ್ಣ ನಡುಕ. ಕಾರು ಕಲಿಯಲು ಕನಿಷ್ಠ 21 ದಿನದ ತರಬೇತಿ, ಅದರಲ್ಲಿ 10 ಗಂಟೆ ರಸ್ತೆಯ ಅಭ್ಯಾಸ ಎಂದು 1989ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಗೇರು ಬದಲಿಸುವುದಕ್ಕೆ ಅಷ್ಟು ಸಾಕು. ಎದೆ ಹಗುರಾಗಲು ಎಷ್ಟು ದಿನ ಬೇಕೆಂದು ಯಾವ ನಿಯಮವೂ ಬರೆದಿಟ್ಟಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಕೊಪ್ಪಳ ಜಿಲ್ಲೆಗೆ ಇದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಏಳಾಗಿವೆ. ಆದರೆ ಅಂಜುವವರ ನಕ್ಷೆಯಲ್ಲಿ ಇಂದಿಗೂ ನಾಲ್ಕೇ, ಒಂದೊಂದಕ್ಕೂ ಒಂದೊಂದು ಬಗೆಯ ರಸ್ತೆ. ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಹೊತ್ತ ಲಾರಿಗಳ ಸಾಲು. ಗಂಗಾವತಿಯಲ್ಲಿ ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ಗದ್ದೆ, ನಡುವೆ ಇಕ್ಕಟ್ಟಿನ ಡಾಂಬರು. ಕುಷ್ಟಗಿಗೆ ವಿಜಯಪುರದ ಕಡೆಯ 50ನೇ ನಂಬರಿನ ಹೆದ್ದಾರಿ, ಅದರ ಮೇಲೆ ಗ್ರಾನೈಟ್ ಬಂಡೆ ಹೊತ್ತ ಟ್ರೇಲರುಗಳು. ಯಲಬುರ್ಗಾ ಕಡೆ ಮಾತ್ರ ಎರೆಹೊಲಗಳ ನಡುವೆ ಕಣ್ಣು ಹೋದಷ್ಟು ದೂರ ಬರಿದಾದ ನೆಟ್ಟನೆಯ ರಸ್ತೆ. ನನ್ನ ಕಲಿಕೆ ಅಲ್ಲಿಂದಲೇ ಶುರುವಾಯಿತು.

ಜೊತೆಗೆ ಕೂತವರು ಓಣಿಯ ಒಬ್ಬ ಕಾಕಾ. ಸಾರಿಗೆ ಸಂಸ್ಥೆಯ ಬಸ್ಸು ಹೊಡೆದು ನಿವೃತ್ತರಾದವರು. ಕುಕನೂರು ದಾಟಿ ಇಟಗಿಯ ದಾರಿ ಹಿಡಿಸಿ, ಗಾಡಿ ನಿಲ್ಲಿಸಿ ಅವರು ಹೇಳಿದ್ದು ಇಷ್ಟೇ: "ಕ್ಲಚ್ ನಿಧಾನಕ ಬಿಡವ್ವಾ. ಗಾಡಿನ ಹೇಳ್ತೈತಿ." ಪಾದವನ್ನು ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ಮೇಲೆತ್ತಿದೆ. ಒಂದು ಕಡೆ ಬಂದಾಗ ಎಂಜಿನ್ನಿನ ದನಿ ತುಸು ದಪ್ಪವಾಯಿತು, ಬಾನೆಟ್ಟು ಸಣ್ಣಗೆ ಕಂಪಿಸಿತು, ಸೀಟು ಬೆನ್ನನ್ನು ಮೆಲ್ಲಗೆ ಮುಂದಕ್ಕೊತ್ತಿತು. ಕಾಲು ಅಲ್ಲೇ ಹಿಡಿದೆ. ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ತಾನಾಗಿ ಉರುಳತೊಡಗಿತು. ಆ ಒಂದು ಬಿಂದುವನ್ನು ಪಾದ ಗುರುತು ಹಿಡಿದ ಮೇಲೆ ಯಂತ್ರದ ಬಗ್ಗೆ ನನಗಿದ್ದ ಅಂಜಿಕೆ ಬಹುಪಾಲು ಹೋಯಿತು.

ರಸ್ತೆಯ ಕೊನೆಗೆ ಇಟಗಿಯ ಮಹಾದೇವ ದೇವಾಲಯ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಇದನ್ನು ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದೆ. ನಾನೇ ಗಾಡಿ ಹೊಡೆದುಕೊಂಡು ಹೋಗಿ ಅದರ ನೆರಳಿನಲ್ಲಿ ನಿಲ್ಲಿಸಿದ ಮುಂಜಾನೆ, ಕಂಬಗಳ ನುಣುಪನ್ನು ಅಂಗೈಯಲ್ಲಿ ಸವರುತ್ತ ಬಹಳ ಹೊತ್ತು ನಿಂತಿದ್ದೆ. ಅಂಗೈ ಒಣಗಿತ್ತು. ಮರಳುವಾಗ ಕುಕನೂರಿನಲ್ಲಿ ಬಿಸಿ ಮಿರ್ಚಿ, ಮಂಡಕ್ಕಿ. ಅಲ್ಲಿಂದ ಮುಂದೆ ಪ್ರತಿ ಪಯಣದ ತುದಿಗೂ ಮಿರ್ಚಿ ಇರಲೇಬೇಕೆಂಬುದು ನಮ್ಮಿಬ್ಬರ ಒಪ್ಪಂದವಾಯಿತು.

ಈ ಒಪ್ಪಂದಕ್ಕೆ ದೊಡ್ಡ ಪರಂಪರೆಯೇ ಇದೆಯೆಂದು ಆಮೇಲೆ ಓದಿ ತಿಳಿದೆ. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಒಂದು ಮಗುವಿನ ಭಯದ ಬಗ್ಗೆ ಬರೆದರು. ಪೀಟರ್ ಎಂದು ಅವರು ಕರೆದ ಆ ಪುಟ್ಟ ಹುಡುಗನಿಗೆ ಮೊಲ ಕಂಡರೆ ಅಳು. ಜೋನ್ಸ್ ಅವನನ್ನು ಗದರಲಿಲ್ಲ, ಮೊಲವನ್ನು ಒಮ್ಮೆಲೇ ಮಡಿಲಿಗೆ ಹಾಕಲೂ ಇಲ್ಲ. ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟರು. ಅವನು ಸಹಿಸಿದಷ್ಟು ಹತ್ತಿರ ತಂದರು. ಅಂಜದ ಮಕ್ಕಳನ್ನೂ ಅವನೊಂದಿಗೆ ಆಡಲು ಬಿಟ್ಟರು. ಕೊನೆಗೆ ಮೊಲ ಬೆರಳು ಕಚ್ಚಿ ನೋಡಿದರೂ ಪೀಟರ್ ಸುಮ್ಮನಿದ್ದ. ಇಂದಿಗೂ ಇಂಥ ಭಯಗಳಿಗೆ ಚಿಕಿತ್ಸೆ ಕೊಡುವವರು ಹೆಚ್ಚಾಗಿ ಇದೇ ಮೆಟ್ಟಿಲು ಹತ್ತಿಸುತ್ತಾರೆ. ಬಸ್ಸು ಬಿಟ್ಟು ಬೇರೇನೂ ಓದದ ನಮ್ಮ ಕಾಕಾ ಎರೆನಾಡಿನ ಬರಿದಾದ ರಸ್ತೆ ಮತ್ತು ಬಿಸಿ ಮಿರ್ಚಿಯಿಂದ ನನಗೆ ಮಾಡಿದ್ದೂ ಅದನ್ನೇ.

ಆದರೂ ನನ್ನ ಭಯದ ಬೇರು ಯಂತ್ರದಲ್ಲಿರಲಿಲ್ಲ, ಹಿಂದಿನ ಹಾರನ್ನಿನಲ್ಲಿತ್ತು. ಕನ್ನಡಿಯ ತುಂಬ ಒಂದು ಬಸ್ಸಿನ ಮೋರೆ ಕಂಡರೆ ಸಾಕು, ನಾನು ಯಾರದೋ ದಾರಿಗೆ ಅಡ್ಡ ನಿಂತಿದ್ದೇನೆ ಎನಿಸಿ ಕೈಕಾಲು ಸೋಲುತ್ತಿದ್ದವು. ಆ ಬೇರನ್ನು ಅಲುಗಾಡಿಸಿದ್ದು ಒಂದು ಹುರುಳಿಯ ರಾಶಿ.

ಸುಗ್ಗಿಯಲ್ಲಿ ನಮ್ಮ ಹಳ್ಳಿಗಳ ರಸ್ತೆಯೇ ಕಣ. ಸಜ್ಜೆ, ಹುರುಳಿ, ಕಡಲೆ ಎಲ್ಲವನ್ನೂ ಡಾಂಬರಿನ ಮೇಲೆ ಹರವುತ್ತಾರೆ. ಹಾಯುವ ಗಾಡಿಗಳ ಗಾಲಿಯೇ ಒಕ್ಕಣೆ ಮಾಡಬೇಕು. ಇದರಲ್ಲಿ ಅಪಾಯವಿದೆ. ಹುರುಳಿ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ, ಬೈಕಿನವರು ಜಾರಿ ಬೀಳುತ್ತಾರೆ. ಹಳ್ಳಿಗೊಂದು ಒಳ್ಳೆಯ ಕಣ ಆಗಬೇಕೆಂದು ನಾನೂ ಬಯಸುತ್ತೇನೆ. ಅಂದು ಮಾತ್ರ ರಾಶಿಯ ಮುಂದೆ ಗಾಡಿ ನಿಲ್ಲಿಸಿ, ದಾಟುವುದು ಹೇಗೆಂದು ನೋಡುತ್ತಿದ್ದೆ. ತಲೆಗೆ ಸೆರಗು ಸುತ್ತಿಕೊಂಡ ಮುದುಕಿಯೊಬ್ಬಳು ಕಸಬರಿಗೆ, ಕೋಲು ಹಿಡಿದು ಬಂದಳು. ಗಾಲಿಗೆ ಸಿಕ್ಕೀತೆನಿಸಿದ ಉದ್ದನೆಯ ಬಳ್ಳಿಗಳನ್ನು ಕೋಲಿನಿಂದ ಬದಿಗೆ ಎಳೆದು, ಒಣಗಿದ ಕಾಯಿಗಳನ್ನಷ್ಟೇ ಉಳಿಸಿ, "ನಿಧಾನಕ ಹಾಯಿಸವ್ವಾ, ಚಲೋ ಒಡೀತಾವ" ಎಂದಳು. ಮೊದಲ ಗೇರಿನಲ್ಲಿ ಹಾಯಿಸಿದೆ. ಗಾಲಿಯಡಿ ಚಟಚಟ ಸದ್ದು, ಕಿಟಕಿಯಿಂದ ಒಣ ಹೊಟ್ಟಿನ ವಾಸನೆ. ಹಿಂದೆ ಬಂದ ಟ್ರ್ಯಾಕ್ಟರಿನವನೂ ಸುಮ್ಮನೆ ಕಾದ. ನನ್ನ ನಿಧಾನ ಒಬ್ಬರಿಗೆ ಬೇಕಾಗಿತ್ತು! ಪಕ್ಕದಲ್ಲಿದ್ದ ಕಾಕಾ, "ಅವಸರೇನೈತಿ? ಹಿಂದ ಬರೋರೂ ಕಣ್ಣಿಟ್ಕೊಂಡ ಬಂದಿರ್ತಾರ" ಎಂದರು.

ಅಂದಿನಿಂದ ರಸ್ತೆಯ ಮೇಲೆ ಯಾರು ಯಾರಿದ್ದಾರೆಂದು ನೋಡತೊಡಗಿದೆ. ಹುಣ್ಣಿಮೆ ಬಂದರೆ ಹುಲಿಗೆಮ್ಮ ದೇವಿಯ ಗುಡಿಗೆ ಹೊರಟ ಚಕ್ಕಡಿ, ಟ್ರ್ಯಾಕ್ಟರುಗಳು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ತುಂಬಿಕೊಂಡು ಮೆರವಣಿಗೆಯಲ್ಲಿ ಬರುವ ಹಳ್ಳಿಗರು. 575 ಮೆಟ್ಟಿಲಿನ ಅಂಜನಾದ್ರಿಗೆ ನಡೆದೇ ಹೊರಟ ಹನುಮಮಾಲೆಯ ಹುಡುಗರು. ತುಂಗಭದ್ರೆಯ ಎಡದಂಡೆ ಕಾಲುವೆ ನೀರುಂಡ ಗಂಗಾವತಿಯಲ್ಲಿ ಕೊಯ್ಲಿನ ಕಾಲಕ್ಕೆ ಅರ್ಧ ರಸ್ತೆಗೆ ಭತ್ತ, ಉಳಿದರ್ಧಕ್ಕೆ ಎದುರಿನಿಂದ ಬರುವ ಕಟಾವು ಯಂತ್ರ. ಅಲ್ಲಿ ಎಂಥ ಚಾಲಕನೂ ನಿಂತು, ಸರದಿ ನೋಡಿಯೇ ಹೋಗಬೇಕು. ಯಲಬುರ್ಗಾದ ತಿರುವಿನಲ್ಲಿ ಗಾಳಿಯಂತ್ರದ ಒಂದೇ ಒಂದು ರೆಕ್ಕೆ ಹೊತ್ತ ಟ್ರೇಲರು ಅಂಗುಲಂಗುಲ ಹೊರಳುವಾಗ ಹಾರನ್ ಬಾರಿಸಿ ಯಾರಿಗೇನು ಲಾಭ? ಕುರಿಹಿಂಡು, ಪಾದಯಾತ್ರಿ, ಮುದುಕಿ, ಲಾರಿ ಎಲ್ಲರಿಗೂ ಸೇರಿದ ರಸ್ತೆಯಲ್ಲಿ ನನ್ನ ಪಾಲಿನ ನಿಧಾನಕ್ಕೂ ಜಾಗವಿದೆ.

ಹೀಗೆ ಕುಷ್ಟಗಿಯ ಹೆದ್ದಾರಿಗೆ ಬಂದೆ. ಎಡಗಡೆಯ ಸಾಲು ಹಿಡಿದು, ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಟ್ಟು, ದಾಟುವವರಿಗೆ ದಾರಿ ಕೊಟ್ಟು ಹೋಗುವುದು ರೂಢಿಯಾಯಿತು. ಹಾರನ್ ಕೇಳಿದರೆ ಈಗಲೂ ಎದೆ ಒಮ್ಮೆ ಅಳುಕುತ್ತದೆ. ಆದರೆ ಕಾಲು ಅಳುಕುವುದಿಲ್ಲ. ಭಯ ಪೂರ್ತಿ ಹೋಗಲಿ ಎಂದು ಕಾಯುತ್ತಿದ್ದರೆ ಇಂದಿಗೂ ಮನೆಯಲ್ಲೇ ಇರುತ್ತಿದ್ದೆ. ಅದನ್ನು ಪಕ್ಕಕ್ಕೆ ಕೂಡಿಸಿಕೊಂಡೇ ಹೊರಟೆ. ಹೋಗುತ್ತ ಹೋಗುತ್ತ ಅದರ ಮಾತು ಕಡಿಮೆಯಾಯಿತು.

2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿ, ತವರಿನ ದಾರಿ ಎಷ್ಟೋ ಜನರಿಗೆ ಹತ್ತಿರವಾಗಿದೆ. ಅದು ದೊಡ್ಡ ಮಾತು. ಆದರೂ ಕೊನೆಯ ಬಸ್ಸು ಹೋದ ಮೇಲೆ ಅವ್ವನಿಗೆ ಜ್ವರ ಬಂದರೆ, ಕೀಲಿ ತೆಗೆದುಕೊಂಡು ಹೊರಡುವ ಕೈ ನಮ್ಮದಾಗಿರಬೇಕು. ಭಯವನ್ನು ಬಸ್ಸಿನ ನೆಪದಲ್ಲೋ ಪೆಟ್ರೋಲಿನ ಲೆಕ್ಕದಲ್ಲೋ ಅಡಗಿಸಿಟ್ಟ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟು: ಹೆದ್ದಾರಿಯ ಚಿಂತೆ ಈಗಲೇ ಬೇಡ. ನಿಮ್ಮೂರಿನ ಸುತ್ತ ಎಲ್ಲಕ್ಕಿಂತ ಬರಿದಾದ ರಸ್ತೆ ಯಾವುದೆಂದು ಹುಡುಕಿ, ಗದರದ ಒಬ್ಬರನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ, ಆ ರಸ್ತೆಯ ಕೊನೆಗೆ ಒಳ್ಳೆಯ ಮಿರ್ಚಿ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಹೊರಡಿ.