ಕುಂಡದೊಳಗಣ ಹಲಸು

ಹಲಸಿನ ಕಾಲ ಬಂದಿತೆಂದರೆ ನಮ್ಮ ಮನೆಗಳಲ್ಲಿ ಬೀಜ ರಾಶಿಬೀಳುತ್ತದೆ. ತೊಳೆಯನ್ನು ತಿಂದವರು ಬೀಜವನ್ನು ಸಾರಿಗೆಂದೋ, ಪಲ್ಯಕ್ಕೆಂದೋ, ಕೆಂಡದಲ್ಲಿ ಸುಡುವುದಕ್ಕೆಂದೋ ಎತ್ತಿಡುತ್ತಾರೆ. ಅವುಗಳಲ್ಲಿ ಕೆಲವನ್ನಾದರೂ ಮಣ್ಣಿಗೆ ಕೊಡಬೇಕೆಂಬ ಇಚ್ಛೆ ಯಾರ ಮನಸ್ಸಿನಲ್ಲಿ ಹುಟ್ಟುವುದೋ ಅವರು ಅದನ್ನು ಮುಂದಿನ ತಿಂಗಳಿಗೆ ಹಾಕಲಾಗದು. ರಾಗಿಯೂ ಹುರುಳಿಯೂ ಚೆನ್ನಾಗಿ ಒಣಗಿದಷ್ಟೂ ಹೆಚ್ಚು ಕಾಲ ಜೀವ ಹಿಡಿದಿರುವುವು. ಹಲಸಿನ ಬೀಜವಾದರೋ ಒಣಗಿತೆಂದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಣ್ಣಿನಿಂದ ಹೊರಬಂದ ಕೆಲವೇ ದಿನಗಳೊಳಗೆ, ಅಂಟನ್ನೆಲ್ಲ ತೊಳೆದು, ಒಂದು ಹಗಲಿರುಳು ನೀರಿನಲ್ಲಿ ನೆನೆಯಿಟ್ಟು ಬಿತ್ತುವುದೇ ಲೇಸು.

ಬಿತ್ತುವಾಗ ಬೀಜವನ್ನು ಮಗ್ಗುಲಾಗಿ ಮಲಗಿಸಿ, ಒಂದಂಗುಲದಷ್ಟು ಮಣ್ಣು ಮುಚ್ಚಿದರೆ ಸಾಕು. ಅವರೆಯ ಸಸಿಯಂತೆ ಇದು ತನ್ನ ಬೇಳೆಗಳನ್ನು ತಲೆಯ ಮೇಲೆ ಹೊತ್ತು ಹೊರಗೆ ಬಾರದು. ಆ ಬೇಳೆಗಳು ನೆಲದೊಳಗೇ ಉಳಿದು, ಮೊದಲ ಎಲೆಗಳು ಬಲಿಯುವವರೆಗೆ ಸಸಿಯನ್ನು ಪೋಷಿಸುತ್ತವೆ. ಎರಡು ಮೂರು ವಾರಗಳಲ್ಲಿ ಕುಡಿ ಮೇಲೇಳುವ ಹೊತ್ತಿಗೆ ಕೆಳಗೆ ತಾಯಿಬೇರು ಬಹುದೂರ ಇಳಿದಿರುತ್ತದೆ. ಎಳೆಯ ಗಿಡದ ಎಲೆಗಳಲ್ಲಿ ಕೆಲವು ಸೀಳು ಸೀಳಾಗಿರುವುದನ್ನು ಕಂಡು ಇದು ಹಲಸೇ ಹೌದೇ ಎಂದು ಸಂದೇಹಪಡುವವರುಂಟು; ಹಲಸಿಗೆ ಬಾಲ್ಯದ ಲಕ್ಷಣವೇ ಅದು, ಪ್ರಾಯಕ್ಕೆ ಬಂದ ಮರದಲ್ಲಿ ಅಂಚು ಅಖಂಡವಾಗಿಬಿಡುತ್ತದೆ.

ಕುಂಡದ ವಿಷಯದಲ್ಲಿ ನಾನು ಮೊದಲು ನೋಡುವುದು ಆಳವನ್ನು. ಅಂದಚೆಂದ, ಅಗಲ, ಬೆಲೆ ಇವೆಲ್ಲ ಆಮೇಲಿನ ಮಾತು. ನೆಟ್ಟಗೆ ಪಾತಾಳದ ಕಡೆಗೆ ಹೊರಟ ತಾಯಿಬೇರು ಗಿಡ್ಡ ಕುಂಡದ ತಳವನ್ನು ಮುಟ್ಟಿದಾಗ, ಮುಂದೆ ದಾರಿಯಿಲ್ಲದೆ ಗೋಡೆಯ ಬಳಸಿಗೆ ತಿರುಗಿ, ಮಲಗಿದ ಹಾವಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿ ನೆಲಕ್ಕೆ ನೆಟ್ಟ ಮೇಲೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಗಿಡ ಬೆಳೆದು ಮರವಾಗಿ, ಕೊಂಬೆರೆಂಬೆಗಳ ಭಾರ ಏರಿದಾಗ, ಬುಡ ಭದ್ರವಿಲ್ಲದೆ ಒಂದು ಬಿರುಗಾಳಿಗೆ ಅದು ಉರುಳಿಬಿದ್ದರೆ, ಆ ಪತನದ ಕಾರಣವನ್ನು ಅಂದಿನ ಗಾಳಿಯಲ್ಲಲ್ಲ, ಎಷ್ಟೋ ವರ್ಷಗಳ ಹಿಂದಣ ಒಂದು ಗಿಡ್ಡ ಕುಂಡದಲ್ಲಿ ಹುಡುಕಬೇಕಾಗುತ್ತದೆ. ಆದುದರಿಂದ ಒಂದಡಿಗೆ ಕಡಿಮೆಯಿಲ್ಲದ ಆಳದ ಕುಂಡದಲ್ಲಿ ಒಂದೊಂದೇ ಬೀಜವನ್ನು ನೇರವಾಗಿ ಬಿತ್ತಿ, ನಡುವೆ ಕಿತ್ತು ನೆಡುವ ಹಿಂಸೆಯನ್ನು ತಪ್ಪಿಸುವುದು ಉತ್ತಮ. ತಳ ತೆರೆದ ಕೊಳವೆಯನ್ನೋ ಚೀಲವನ್ನೋ ಜಾಲರಿಯ ಮಂಚದ ಮೇಲೆ ನೆಲದಿಂದೆತ್ತರಿಸಿ ಇಡುವ ಕ್ರಮ ಇನ್ನೂ ಮೇಲು. ಗಾಳಿಗೆ ತಾಗಿದ ಬೇರಿನ ತುದಿ ಒಣಗಿ ನಿಂತು, ಮೇಲ್ಭಾಗದಿಂದ ಪಕ್ಕದ ಬೇರುಗಳು ಹೇರಳವಾಗಿ ಒಡೆಯುತ್ತವೆ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಇವು ಸಮಭಾಗವಾಗಿ ಬೆರೆತರೆ ಸಸಿಗೆ ಸಾಕು. ಹಸಿಗೊಬ್ಬರ ಬೇರನ್ನು ಸುಡುತ್ತದೆ. ಕುಂಡದ ತಳಕ್ಕೆ ಜಲ್ಲಿಯನ್ನು ತುಂಬಿದರೆ ನೀರು ಬೇಗ ಇಳಿದುಹೋಗುವುದೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಹಿರಿಯರ ಮಾತೆಂದು ಅದನ್ನು ಗೌರವಿಸುತ್ತಲೇ ನಾನು ಒಪ್ಪಲಾರೆ. ನಯವಾದ ಮಣ್ಣು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೆಳಗಿನ ಪದರ ಒರಟಾಗಿದ್ದರೆ, ಮೇಲಣ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಆ ಪದರಕ್ಕೆ ಇಳಿಯುವುದಿಲ್ಲ. ಹೀಗಾಗಿ, ಕುಂಡದ ತಳದಲ್ಲಿರಬೇಕಾಗಿದ್ದ ಕೆಸರು ಜಲ್ಲಿಯ ಮೇಲಕ್ಕೇರಿ, ಬೇರಿಗೆ ಇನ್ನಷ್ಟು ಸಮೀಪವಾಗುತ್ತದೆ. ಮಣ್ಣು ಸೋರದಂತೆ ರಂಧ್ರದ ಮೇಲೊಂದು ಹೆಂಚಿನ ಚೂರನ್ನು ಬೋರಲಾಗಿಟ್ಟು, ಉಳಿದ ಆಳವನ್ನೆಲ್ಲ ಮಣ್ಣಿಗೇ ಬಿಡಬೇಕು. ನಿಂತ ನೀರನ್ನು ಹಲಸು ಸಹಿಸಲಾರದು: ಬೇರಿಗೂ ಉಸಿರು ಬೇಕು, ಮಣ್ಣಿನ ರಂಧ್ರಗಳಲ್ಲಿ ಗಾಳಿಯಿದ್ದ ಎಡೆಯನ್ನೆಲ್ಲ ನೀರು ಆಕ್ರಮಿಸಿದರೆ ಅದು ಉಸಿರುಕಟ್ಟಿ ಕೊಳೆಯತೊಡಗುತ್ತದೆ. ಬೇರು ಕೊಳೆತ ಸಸಿಯೂ ಬಾಯಾರಿದ ಸಸಿಯೂ ಹೊರಗಿನಿಂದ ಒಂದೇ ತೆರನಾಗಿ ಬಾಡುತ್ತವೆ. ಬಾಡಿತೆಂದು ಕನಿಕರಪಟ್ಟು ಮತ್ತಷ್ಟು ನೀರೆರೆದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತದೆ. ಎರೆಯುವ ಮೊದಲು ಬೆರಳನ್ನು ಎರಡಂಗುಲ ಮಣ್ಣಿನೊಳಗೆ ಇಳಿಸಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು! ಒದ್ದೆಯಿದ್ದರೆ ಆ ದಿನ ನೀರು ಬೇಡ. ಒಣಗಿದ್ದರೆ ತಳದ ರಂಧ್ರದಿಂದ ಹೊರಹರಿಯುವಷ್ಟು ಧಾರಾಳವಾಗಿ ಎರೆಯಬೇಕು.

ಎಲೆ ಹಳದಿಯಾದುದನ್ನು ಕಂಡೊಡನೆ ಗೊಬ್ಬರದ ಪೊಟ್ಟಣಕ್ಕೆ ಕೈಹಾಕಬಾರದು, ಯಾವ ಎಲೆಯೆಂದು ಮೊದಲು ನೋಡಬೇಕು. ಕೆಳಗಿನ ಹಳೆಯ ಎಲೆಗಳು ಹಳದಿಗಟ್ಟಿದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ತುದಿಯ ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಣ ಭಾಗ ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸುನೀರನ್ನು ತಿಂಗಳುಗಟ್ಟಲೆ ಎರೆದು ಮಣ್ಣು ಕ್ಷಾರವಾದಾಗ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಹೊರಮೈಯ ಬಿಳಿಯ ಲವಣವೇ ಅದಕ್ಕೆ ಸಾಕ್ಷಿ. ಹಿಡಿದಿಟ್ಟ ಮಳೆನೀರಿಗಿಂತ ಉತ್ತಮವಾದ ಔಷಧ ಅದಕ್ಕೆ ಬೇರೊಂದಿಲ್ಲ.

ಹಲಸಿನಲ್ಲಿ ಬೀಜದ ಗಿಡ ತಾಯಿಯ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಗಟ್ಟಿ ತೊಳೆಯ ಬಕ್ಕೆಯ ಬೀಜದಿಂದ ಮೆತ್ತನೆಯ ತೊಳೆಯ ಅಂಬಲಿ ಹಣ್ಣಿನ ಮರ ಹುಟ್ಟಬಹುದು. ಹಾಗಿದ್ದಮೇಲೆ ಕಸಿಗಿಡವನ್ನೇ ಕೊಂಡು ನೆಟ್ಟರಾಗದೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. ಆದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೆಚ್ಚಿ ಪ್ರಚುರಪಡಿಸಿದ, ತುಮಕೂರು ಸೀಮೆಯ ಕೆಂಪು ತೊಳೆಯ ಸಿದ್ದು ಹಲಸನ್ನೇ ಮನೆಗೆ ತಂದರೂ, ಅದರ ಕುಡಿ ಕೂತಿರುವುದು ಯಾರೋ ಬೀಜದಿಂದ ಬೆಳೆಸಿದ ಸಸಿಯ ಮೇಲೆ; ಹೆಸರು ಕುಡಿಯದಾದರೂ ಬೇರು ಆ ಅನಾಮಧೇಯ ಸಸಿಯದು. ಆದಕಾರಣ ಕಸಿಗಿಡವನ್ನು ಕೊಳ್ಳುವವನು ಎಲೆಗಳ ಹೊಳಪಿಗೆ ಮರುಳಾಗದೆ, ಚೀಲದ ತಳವನ್ನು ತಿರುಗಿಸಿ, ಬೇರು ಸುತ್ತಿಕೊಂಡಿದೆಯೇ ಎಂದು ಪರೀಕ್ಷಿಸತಕ್ಕದ್ದು.

ಕುಂಡದ ವಾಸವನ್ನು ಬಹುಕಾಲ ಲಂಬಿಸುವುದು ಹಿತವಲ್ಲ. ಒಂದು ಮಳೆಗಾಲಕ್ಕೆ ಬಿತ್ತಿದುದನ್ನು ಮುಂದಿನ ಮಳೆಗಾಲದ ಮೊದಲ ಹದಕ್ಕೆ ನೆಲಕ್ಕಿಳಿಸಬೇಕು. ಅದಕ್ಕೆ ಮೊದಲು ಎರಡು ವಾರ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ನೆರಳಿನಿಂದ ಬಿಸಿಲಿಗೆ ಒಗ್ಗಿಸಬೇಕು. ನೆಡುವ ದಿನ ಕಾಂಡವನ್ನು ಹಿಡಿದೆಳೆಯದೆ, ಚೀಲವಾದರೆ ಪಕ್ಕವನ್ನು ಸೀಳಿ, ಮಣ್ಣಿನ ಕುಂಡವಾದರೆ ಮೋಹವಿಟ್ಟುಕೊಳ್ಳದೆ ಅದನ್ನೇ ಒಡೆದು, ಬೇರಿನ ಸುತ್ತಣ ಮಣ್ಣು ಉದುರದಂತೆ ಎರಡು ಕೈಗಳಿಂದ ಎತ್ತಿ, ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಗುಂಡಿಯಲ್ಲಿ ಕೂರಿಸಿ, ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ತುಸು ಏರಿಸಿ ತುಳಿಯಬೇಕು. ಮೇಕೆಗೆ ಹಲಸಿನ ಎಲೆಯೆಂದರೆ ಪಂಚಪ್ರಾಣ; ಮುಳ್ಳುಬೇಲಿಯನ್ನು ಅದೇ ದಿನ ಕಟ್ಟಿಬಿಡಬೇಕು.