ತಲೆ ತಗ್ಗಿಸಿದ್ದು ಮರ್ಯಾದೆಗೆ

ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಮಕ್ಕಳಿಗೆ ಹಿರಿಯರ ಮುಂದೆ ಕಣ್ಣು ತಗ್ಗಿಸಿ, ಕೇಳಿದಷ್ಟಕ್ಕೆ ಮೆಲ್ಲಗೆ ಉತ್ತರ ಕೊಡುವುದೇ ಮರ್ಯಾದೆ. ಅಲ್ಲಿನ ಹುಡುಗಿಯೊಬ್ಬಳು ಬೆಂಗಳೂರಿನ ಕೆಲಸದ ಸಂದರ್ಶನದಲ್ಲಿ ಹಾಗೇ ಕೂತರೆ ‘ಆತ್ಮವಿಶ್ವಾಸ ಸಾಲದು’ ಎಂಬ ಷರಾ ಬೀಳುತ್ತದೆ.

ಆ ಷರಾ ಅವಳು ಬಾಯಿ ತೆರೆಯುವ ಮೊದಲೇ ಸಿದ್ಧವಾಗಿರಬಹುದು. ಅಪರಿಚಿತ ಮುಖ ನೋಡಿ ‘ಇವರು ಸಮರ್ಥರು, ನಂಬಬಹುದು’ ಎಂದು ತೀರ್ಮಾನಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು ಎಂದು ಮನೋವಿಜ್ಞಾನ ಸಂಶೋಧಕರಾದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲೇ ತೋರಿಸಿದ್ದಾರೆ. ಹೆಚ್ಚು ಸಮಯ ಕೊಟ್ಟಾಗಲೂ ಅಭಿಪ್ರಾಯ ಅಷ್ಟಾಗಿ ಬದಲಾಗಲಿಲ್ಲ, ಅದರ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಯಿತು.

ಸರ್ಕಾರಿ ನೇಮಕಾತಿಯಲ್ಲಿ ಸಂದರ್ಶನದ ತೂಕ ಈಗಾಗಲೇ ತಗ್ಗಿದೆ. ಕೇಂದ್ರ ಸರ್ಕಾರ 2016ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ರಾಜ್ಯದ ಆಡಳಿತ ಸೇವೆಯ (ಕೆಎಎಸ್) ನೇಮಕಾತಿಯಲ್ಲಿ ಹಿಂದೆ 200 ಇದ್ದ ಸಂದರ್ಶನದ ಅಂಕ ಈಗ 25. ಒಳ್ಳೆಯ ಹೆಜ್ಜೆಗಳಿವು. ಖಾಸಗಿ ಕಂಪನಿಗಳೂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೊಂದು ಉತ್ತರಕ್ಕೂ ಅಲ್ಲೇ ಅಂಕ ಬರೆಯಲಿ.

ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಮಕ್ಕಳಿಗೆ ಒಂದಷ್ಟು ಅಣಕು ಸಂದರ್ಶನ ಮಾಡಿಸಲಿ. ಎದುರಿನವರ ಕಣ್ಣು ನೋಡಿ ಮಾತಾಡುವುದು ಅಭ್ಯಾಸದಿಂದ ಬರುತ್ತದೆ. ಅದು ಬಾರದ್ದಕ್ಕೆ ಓದಿದ ಮಗು ಕೆಲಸ ಕಳೆದುಕೊಳ್ಳಬಾರದು.