ಎಷ್ಟು ಕೊಡ್ತೀರಿ?

ಹೆಂಗಸಿನ ವಯಸ್ಸು ಕೇಳಬಾರದು, ಗಂಡಸಿನ ಪಗಾರ ಕೇಳಬಾರದು ಅಂತ ಹಿಂದಿನಿಂದಲೂ ಒಂದು ಮಾತಿದೆ. ಆ ಮಾತು ಕಟ್ಟಿದವರಿಗೆ ಹೆಂಗಸಿಗೂ ಒಂದು ಪಗಾರ ಇರಬಹುದು ಅನ್ನುವುದು ಹೊಳೆದೇ ಇರಲಿಲ್ಲವೇನೋ! ಮೂವತ್ತು ವರ್ಷಕ್ಕೂ ಮೇಲೆ ಹುಡುಗರಿಗೆ ಪಾಠ ಹೇಳಿದ ನನ್ನ ವಯಸ್ಸನ್ನು ಬೇಕಾದಷ್ಟು ಜನ ಕೇಳಿದ್ದಾರೆ. ಪಗಾರ ಕೇಳಿದವರು ಕಡಿಮೆ. ಕೇಳಿದವರೂ "ಯಜಮಾನರು ಏನು ಮಾಡ್ತಾರ್ರಿ?" ಅಂತ ಮೊದಲು ತಿಳಿದುಕೊಂಡೇ ಮುಂದಿನ ಮಾತಿಗೆ ಬಂದವರು. ಇನ್ನು ನಾವಾಗಿ ಬಾಯಿಬಿಟ್ಟು "ಎಷ್ಟು ಕೊಡ್ತೀರಿ?" ಅಂತ ಕೇಳುವುದಂತೂ ದೂರವೇ ಉಳಿಯಿತು.

ಈ ವಿಚಾರ ನನ್ನ ತಲೆಯೊಳಗೆ ಹೊಕ್ಕದ್ದು ಒಂದು ಆಟದ ಸುದ್ದಿಯಿಂದ. ನನ್ನ ತಂಗಿಯ ಮಗ ಅಮೆರಿಕದ ಡಲ್ಲಾಸ್ ಊರಲ್ಲಿದ್ದಾನೆ. ರವಿವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಅವನಿಗೆ ಶನಿವಾರದ ರಾತ್ರಿ. ಆಗ ಫೋನ್ ಮಾಡುತ್ತಾನೆ. 2025ರ ಆಗಸ್ಟ್ ತಿಂಗಳಲ್ಲಿ ಒಂದು ದಿನ, "ದೊಡ್ಡವ್ವ, ನಮ್ಮ ಟೀಮಿನಾಗ ಒಬ್ಬಾಂವ ಹಟ ಹಿಡದು ಕುಂತಾನ. ಪಗಾರ ಹೆಚ್ಚು ಮಾಡೂತನ ಆಡಲ್ಲ ಅಂತಾನ" ಅಂದ. ಅವನ ಟೀಮು ಡಲ್ಲಾಸ್ ಕೌಬಾಯ್ಸ್. ಆಟದ ಹೆಸರು ಫುಟ್‌ಬಾಲ್, ಆದರೆ ಚೆಂಡು ಹೆಚ್ಚಿನ ಹೊತ್ತು ಇರುವುದು ಕೈಯಲ್ಲಿ! ಹೆಸರಿಗೂ ಕೆಲಸಕ್ಕೂ ಸಂಬಂಧವಿಲ್ಲದ ಸಂಗತಿಗಳು ನಮ್ಮಲ್ಲೂ ಬೇಕಾದಷ್ಟಿವೆ ಬಿಡಿ. ಹಟ ಹಿಡಿದವನು ಮೈಕಾ ಪಾರ್ಸನ್ಸ್ ಎಂಬ ಆಟಗಾರ. ತಾಲೀಮಿನ ಜಾಗಕ್ಕೆ ಬರುವನಂತೆ, ಆದರೆ ತಾಲೀಮು ಮಾಡನಂತೆ. ಪೂರ್ತಿ ಬರದೇ ಇದ್ದರೆ ದಿನಕ್ಕಿಷ್ಟು ಅಂತ ದಂಡ ಬೀಳುತ್ತದೆ, ಅದಕ್ಕೆ ಈ ಉಪಾಯ. ಕೊನೆಗೆ ಆಗಸ್ಟ್ 28ರಂದು ಡಲ್ಲಾಸಿನವರು ಅವನನ್ನು ಗ್ರೀನ್ ಬೇ ತಂಡಕ್ಕೆ ಬಿಟ್ಟುಕೊಟ್ಟರು. ಆ ತಂಡ ನಾಲ್ಕು ವರ್ಷಕ್ಕೆ ಒಪ್ಪಿದ ಹಣ 188 ಮಿಲಿಯನ್ ಡಾಲರು, ನಮ್ಮ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಮೇಲೆ. ಪಕ್ಕದಲ್ಲಿ ಪೇಪರು ಹಿಡಿದು ಕೂತಿದ್ದ ನಮ್ಮ ಮನೆಯವರು, "ಅಷ್ಟು ದುಡ್ಡು ಏನು ಮಾಡ್ತಾರ, ತಿಂತಾರೇನು?" ಅಂದರು.

ನನಗೂ ಮೊದಲು ಹಾಗೇ ಅನ್ನಿಸಿತು. ಹುಡುಗ ಬಿಡಿಸಿ ಹೇಳಿದ. ಆ ಆಟದ ಕರಾರಿನಲ್ಲಿ ಬರೆದ ಹಣವೆಲ್ಲ ಕೈಗೆ ಬಂದೇ ಬರುತ್ತದೆ ಅಂತಿಲ್ಲ. ಖಾತ್ರಿ ಕೊಟ್ಟಷ್ಟು ಮಾತ್ರ ಗಟ್ಟಿ. ಉಳಿದದ್ದು, ತಂಡದವರು ನಾಳೆ "ಸಾಕು ಹೋಗು" ಅಂದರೆ ಮುಗಿಯಿತು. ಎದುರಿನವರು ಗೂಳಿಯಂತೆ ಬಂದು ಹಾಯುವ ಆಟ. ಮೊಣಕಾಲು ಒಮ್ಮೆ ಮುರಿದರೆ ಬಾಳೇ ಮುಗಿದ ಹಾಗೆ. ಬಹಳ ಜನ ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚು ಆಡುವುದೇ ಇಲ್ಲವಂತೆ. ಹಾಗಾಗಿ ಮೈಯಲ್ಲಿ ಕಸುವಿದ್ದಾಗಲೇ ಕೇಳಬೇಕು. ಇದೇ ಡಲ್ಲಾಸಿನಲ್ಲಿ 1993ರಲ್ಲಿ ಎಮ್ಮಿಟ್ ಸ್ಮಿತ್ ಎಂಬವನು ಹೀಗೇ ಕೂತಿದ್ದನಂತೆ. ಅವನಿಲ್ಲದೆ ತಂಡ ಮೊದಲ ಎರಡು ಪಂದ್ಯ ಸೋತಿತು. ಒಡೆಯರು ಓಡೋಡಿ ಬಂದು ನಾಲ್ಕು ವರ್ಷಕ್ಕೆ 13.6 ಮಿಲಿಯನ್ ಡಾಲರಿಗೆ ಒಪ್ಪಿದರು. ಆ ವರ್ಷದ ದೊಡ್ಡ ಪಂದ್ಯವನ್ನೂ ಗೆದ್ದರು. ಎಲ್ಲರ ಹಟವೂ ಹೀಗೆ ಫಲಿಸುವುದಿಲ್ಲ. 2018ರಲ್ಲಿ ಪಿಟ್ಸ್‌ಬರ್ಗ್ ತಂಡದ ಲೆವಿಯನ್ ಬೆಲ್ ಇಡೀ ವರ್ಷ ಮನೆಯಲ್ಲೇ ಕೂತು 14.5 ಮಿಲಿಯನ್ ಡಾಲರು ಕಳೆದುಕೊಂಡ. ಆಮೇಲೆ ಬೇರೆ ತಂಡ ಸೇರಿದರೂ ಮೊದಲಿನ ಆಟ ಮತ್ತೆ ಬರಲಿಲ್ಲ.

ಇದನ್ನೆಲ್ಲ ಕೇಳುತ್ತ ನನಗೆ ನೆನಪಾದದ್ದು ನಮ್ಮ ಹುಮನಾಬಾದಿನ ಕುಸ್ತಿ. ನನ್ನ ತವರು ಹುಮನಾಬಾದು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ಹೆಣ್ಣುಮಕ್ಕಳು ಅಖಾಡದ ಹತ್ತಿರ ಹೋಗುವಂತಿರಲಿಲ್ಲ, ನಾವು ಮಾಳಿಗೆ ಮೇಲೆ ನಿಂತು ನೋಡುತ್ತಿದ್ದೆವು. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ. ಹೊತ್ತು ಇಳಿದಂತೆ ದೊಡ್ಡ ಜೋಡಿ, ಎಲ್ಲಕ್ಕೂ ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಒಂದು ವರ್ಷ ಸೊಲ್ಲಾಪುರದ ಕಡೆಯಿಂದ ಬಂದ ಪೈಲ್ವಾನನೊಬ್ಬ ಲಂಗೋಟಿ ಕಟ್ಟಿ, ಮೈಗೆ ಮಣ್ಣು ಹಚ್ಚಿಕೊಂಡು ಅಖಾಡದ ಅಂಚಿಗೆ ಕೂತುಬಿಟ್ಟ. ಕಡಗದ ಜೊತೆಗೆ ಕೊಡುವ ರೊಕ್ಕ ಹೇಳಿದಷ್ಟಿಲ್ಲ, ಪೂರಾ ಇಟ್ಟ ಮೇಲೇ ಏಳುವೆ ಅಂದ. ಹಲಗೆಯವರು ಬಾರಿಸಿಯೇ ಬಾರಿಸಿದರು, ಅವನು ಅಲ್ಲಾಡಲಿಲ್ಲ. ಕಮಿಟಿಯವರು ಜನರ ನಡುವೆ ರುಮಾಲು ಹಿಡಿದು ತಿರುಗಿ ರೊಕ್ಕ ಕೂಡಿಸಿದರು. ರಾತ್ರಿ ಊಟಕ್ಕೆ ಕೂತಾಗ ನಮ್ಮಪ್ಪ, "ಭಲೆ! ಗಂಡಸು ಅಂದ್ರ ಹಿಂಗಿರಬೇಕು" ಅಂದದ್ದು ಈಗಲೂ ಕಿವಿಯಲ್ಲಿದೆ.

ಅದೇ ಅಪ್ಪನ ಮುಂದೆ ಯುಗಾದಿಗೆ ವರ್ಷದ ಆಳು ಬಂದು ನಿಲ್ಲುತ್ತಿದ್ದ. ನಮ್ಮ ಕಡೆ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ. "ಈ ವರ್ಷ ಎರಡು ಚೀಲ ಜೋಳ ಹೆಚ್ಚಿಗೆ ಬೇಕ್ರಿ ಧಣಿ" ಅಂತ ಅವನು ಕಟ್ಟೆಯ ಮೇಲೆ ಕೂತರೆ ಅದು ಸೊಕ್ಕು. ಇನ್ನು ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಗಂಡಾಳಿನ ಅರ್ಧ ಕೂಲಿ. ಅವರು ಕೂಡುವ ಪ್ರಶ್ನೆಯೇ ಬರಲಿಲ್ಲ. ಕೂತರೆ ಬದಿಯ ಓಣಿಯಿಂದ ಬೇರೆಯವರು ಬರುತ್ತಿದ್ದರು. ಒಂದೇ ಕೆಲಸಕ್ಕೆ, ಅಂದರೆ ಕೂತು ಹಟ ಹಿಡಿಯುವುದಕ್ಕೆ, ಒಬ್ಬನಿಗೆ ಭಲೆ, ಇನ್ನೊಬ್ಬನಿಗೆ ಸೊಕ್ಕು, ಮತ್ತೊಬ್ಬಳಿಗೆ ಹೆಸರೇ ಇಲ್ಲ.

ನಮ್ಮ ರಾಜ್ಯದ ದೊಡ್ಡ ಆಟಗಾರರೂ ಹೀಗೆ ಕೂತಿದ್ದಾರೆ. 2002ರ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಚಾಂಪಿಯನ್ಸ್ ಟ್ರೋಫಿ. ಟೂರ್ನಿಗೆ 30 ದಿನ ಮೊದಲಿನಿಂದ ಮುಗಿದ 30 ದಿನದವರೆಗೆ, ಹಣ ಹಾಕಿದ ಕಂಪನಿಗಳ ಎದುರಾಳಿ ಕಂಪನಿಗಳ ಜಾಹೀರಾತಿನಲ್ಲಿ ಆಟಗಾರರು ಕಾಣಿಸಿಕೊಳ್ಳಬಾರದು ಅಂತ ಐಸಿಸಿಯ ಕರಾರು ಹೇಳಿತು. ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್ ಅವರೂ ಸೇರಿದಂತೆ ಹಿರಿಯರು ಸಹಿ ಹಾಕುವುದಿಲ್ಲ ಅಂದರು. ಬೇರೆ ಹುಡುಗರ ತಂಡ ಕಳಿಸುವ ಮಾತೂ ಬಂತು. ದೇಶಾಭಿಮಾನ ಎಲ್ಲಿ ಹೋಯಿತು ಅಂತ ಪೇಪರಿಗೆ ಪತ್ರ ಬರೆದವರಿಗೂ ಕಡಿಮೆ ಇರಲಿಲ್ಲ. ಕಡೆಗೆ ನಡುವಿನ ದಾರಿ ಹುಡುಕಿ ಹಿರಿಯರ ತಂಡವೇ ಹೋಯಿತು; ಫೈನಲ್ಲು ಎರಡು ದಿನವೂ ಮಳೆಯಲ್ಲಿ ತೊಳೆದುಹೋಗಿ ಶ್ರೀಲಂಕಾದ ಜೊತೆ ಟ್ರೋಫಿ ಹಂಚಿಕೊಂಡರು. 2004ರಲ್ಲಿ ಕ್ರಿಕೆಟ್ ಮಂಡಳಿ ಮೊದಲ ಸಲ ದರ್ಜೆ ಪ್ರಕಾರ ವರ್ಷದ ಪಗಾರ ಗೊತ್ತುಮಾಡಿತು: 50 ಲಕ್ಷ, 35 ಲಕ್ಷ, 20 ಲಕ್ಷ. 2017ರಲ್ಲಿ ಕೋಚ್ ಆಗಿದ್ದಾಗಲೂ ಕುಂಬ್ಳೆ ಆಟಗಾರರ ಪಗಾರ ಹೆಚ್ಚಿಸಬೇಕೆಂದು ಆಡಳಿತ ಸಮಿತಿಯ ಮುಂದೆ ಲೆಕ್ಕ ಇಟ್ಟರು. ಮರುವರ್ಷ ಮೇಲಿನ ದರ್ಜೆಗೆ 7 ಕೋಟಿ ಆಯಿತು. ಕುಂಬ್ಳೆಯಂಥ ಸೌಮ್ಯ ಮನುಷ್ಯ ರೊಕ್ಕದ ಮಾತು ಆಡಿದ್ದು ನನಗಂತೂ ಹಿಡಿಸಿತು. ದನಿ ಏರಿಸಬೇಕಾಗಿಲ್ಲ, ಲೆಕ್ಕ ಗೊತ್ತಿರಬೇಕು.

ಅದೇ ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರ ಕಥೆಯೇ ಬೇರೆ. 1976ರಲ್ಲಿ ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. ನಾಯಕಿ ಇವರು. ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಬಂತು. ಆದರೆ ರಿಸರ್ವೇಶನ್ ಇಲ್ಲದ ಬೋಗಿಗಳಲ್ಲಿ ತಿರುಗಿದ್ದು, ಡಾರ್ಮಿಟರಿಯ ನೆಲದ ಮೇಲೆ ಮಲಗಿದ್ದು, ಮೂರೇ ಬ್ಯಾಟುಗಳಲ್ಲಿ ಇಡೀ ತಂಡ ಆಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹೊಟ್ಟೆಪಾಡಿಗೆ ಬ್ಯಾಂಕಿನ ನೌಕರಿ. ನೋಡಿ, ಹಟ ಹಿಡಿದು ಕೂಡಬೇಕಾದರೂ ಒಬ್ಬರು ಕೊಡುವವರಿರಬೇಕು, ಕೊಡುವುದು ಕಡಿಮೆ ಇರಬೇಕು. ಕೊಡುವುದೇ ಸೊನ್ನೆಯಾದರೆ ಯಾವುದನ್ನು ಬೇಡ ಅನ್ನುವುದು? 2005ರಲ್ಲಿ ವಿಶ್ವಕಪ್ಪಿನ ಫೈನಲ್ಲಿಗೆ ಹೋಗಿ ಬಂದಾಗಲೂ ಪಂದ್ಯಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತು ಅಂತ ಮಿಥಾಲಿ ರಾಜ್ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ವರ್ಷದ ಕರಾರು ಬಂದದ್ದು 2015ರಲ್ಲಿ, ಮೇಲಿನ ದರ್ಜೆಗೆ 15 ಲಕ್ಷ. ಗಂಡಸರಿಗಿಂತ ಹನ್ನೊಂದು ವರ್ಷ ತಡ.

ನನ್ನ ಮೊದಲ ನೌಕರಿ 1993ರದ್ದು, ಎಮ್ಮಿಟ್ ಸ್ಮಿತ್ ಮುನಿಸಿಕೊಂಡು ಕೂತ ವರ್ಷದ್ದೇ! ಲಗ್ನವಾಗಿ ಬಸವಕಲ್ಯಾಣಕ್ಕೆ ಬಂದಿದ್ದೆ. ಅನುದಾನ ಇಲ್ಲದ ಒಂದು ಶಾಲೆ, ಹೆಸರು ಬೇಡ. ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿದ್ದುದು ಎರಡು ಸಾವಿರದ ಚಿಲ್ಲರೆಗೆ, ಕೈಗೆ ಬರುತ್ತಿದ್ದುದು 600 ರೂಪಾಯಿ. ಎರಡು ವರ್ಷ ಕಳೆದ ಮೇಲೆ ಕಾರ್ಯದರ್ಶಿಗಳ ಮುಂದೆ ಹೋಗಿ ಕೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಚಹಾ ತರಿಸಿದರು. "ನೀವು ಕಲ್ಯಾಣದ ಸೊಸಿ ಇದ್ದೀರಿ ಟೀಚರ್. ಲಕ್ಕಮ್ಮನ ಕಥಿ ಗೊತ್ತಿಲ್ಲೇನು?" ಅಂದರು.

ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿ ಆಯುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಆ ಹೆಚ್ಚಿನ ಅಕ್ಕಿ ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸಿದಳು. ಚಹಾ ಕುಡಿದು ಹೊರಗೆ ಬಂದೆ. ಮರುದಿನ ಶಾಲೆಗೂ ಹೋದೆ; ಇದೇ 600ಕ್ಕೆ ಬರಲು ನಾಲ್ಕು ಜನ ಬಿ.ಎಡ್. ಆದವರು ಬಾಗಿಲಲ್ಲಿದ್ದರು. ಸ್ಮಿತ್ ಬರದಿದ್ದರೆ ತಂಡ ಸೋಲುತ್ತಿತ್ತು, ನಾನು ಹೋಗದಿದ್ದರೆ ಗಂಟೆ ಹೊಡೆಯುವುದೂ ನಿಲ್ಲುತ್ತಿರಲಿಲ್ಲ. ಮೂರು ವರ್ಷದ ಮೇಲೆ ಸರಕಾರಿ ನೌಕರಿ ಸಿಕ್ಕಿತು, ಆ ಮಾತು ಅಲ್ಲಿಗೆ ಮುಗಿಯಿತು.

ಲಕ್ಕಮ್ಮ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ತ್ರಿಪುರಾಂತಕ ಕೆರೆಯ ಕಡೆ ಹೋದಾಗಲೆಲ್ಲ ನೆನಪಾಗುತ್ತಾಳೆ. ಅವಳ ಕಥೆಯನ್ನು ಯಾವಾಗಲೂ ಕೇಳುವವರಿಗೇ ಹೇಳುತ್ತಾರೆ, ಕೊಡುವವರಿಗೆ ಹೇಳಿದ್ದನ್ನು ನಾನು ಕಾಣೆ. ಅದೂ ಇರಲಿ. ಇಷ್ಟು ಸಾಕು ಅಂತ ಅಳತೆ ಮಾಡಿದ್ದು ಯಾರು? ಬಸವಣ್ಣನವರಲ್ಲ, ಗಂಡನೂ ಅಲ್ಲ, ಅಕ್ಕಿಯ ಒಡೆಯರೂ ಅಲ್ಲ. ಲಕ್ಕಮ್ಮನೇ. ತನ್ನ ಮನೆಗೆ, ಮನೆಗೆ ಬರುವ ಶರಣರ ಊಟಕ್ಕೆ ಎಷ್ಟು ಬೇಕು ಅನ್ನುವುದು ಅವಳ ಲೆಕ್ಕ. ಬಂದ ಅಕ್ಕಿ ಕಡಿಮೆಯಾಗಿದ್ದರೆ ಗಂಡನನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳೇನು? ಆ ಚಹಾದ ಹೊತ್ತಿನಲ್ಲಿ ಈ ಉತ್ತರ ನನಗೆ ಹೊಳೆದಿದ್ದರೂ ಪಗಾರವೇನೂ ಹೆಚ್ಚುತ್ತಿರಲಿಲ್ಲ ಬಿಡಿ.

ಲಕ್ಕಮ್ಮನ ಹಾಗೆ ತನ್ನ ಅಳತೆ ತಾನೇ ಮಾಡಿದವಳನ್ನು ಮತ್ತೆ ಕಂಡದ್ದು 2017ರಲ್ಲಿ. ವಿಜಯಪುರದ ರಾಜೇಶ್ವರಿ ಗಾಯಕವಾಡ. ಪ್ರಾಥಮಿಕ ಶಾಲೆಯ ಮಾಸ್ತರರ ಮಗಳು, ತಂದೆಯನ್ನು ಕಳೆದುಕೊಂಡು ಮನೆಯ ಭಾರ ಹೊತ್ತವಳು. ಆ ವರ್ಷದ ವಿಶ್ವಕಪ್ಪಿನಲ್ಲಿ ಆಡಲು ಸಿಕ್ಕ ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡಿನ ಮೇಲೆ 15 ರನ್ನಿಗೆ 5 ವಿಕೆಟ್ ಕಿತ್ತು ಆ ತಂಡವನ್ನು 79ಕ್ಕೆ ಕೆಡವಿದಳು. ಊರಿಗೆ ಬಂದಾಗ ಮಂತ್ರಿಗಳಾಗಿದ್ದ ಎಂ.ಬಿ. ಪಾಟೀಲರು ಕಾರು ಕೊಡುವುದಾಗಿ ಹೇಳಿದರು. ಕಾರು ಬೇಡ, ನಮಗೆ ಇರಲಿಕ್ಕೆ ಮನೆ ಬೇಕು ಅಂದಳು ಹುಡುಗಿ. ಬಾಡಿಗೆ ಮನೆಯ ಮುಂದೆ ಕಾರು ನಿಲ್ಲಿಸಿ ಏನು ಮಾಡುವುದು! ಕೊಟ್ಟದ್ದನ್ನು ಬೇಡ ಅನ್ನಬಾರದು ಅಂತ ಸ್ಟಾಫ್ ರೂಮಿನಲ್ಲಿ ಒಬ್ಬ ಸರ್ ಅಂದರು. ನಾವು ನಾಲ್ಕೈದು ಜನ ಟೀಚರುಗಳು ಒಟ್ಟಿಗೇ ತಿರುಗಿ ನೋಡಿದ್ದಕ್ಕೆ ಅವರು ಪೇಪರು ಮಡಚಿಟ್ಟು ಹೊರಗೆ ಹೋದರು.

2019ರಲ್ಲಿ ಶಾಂತಾ ರಂಗಸ್ವಾಮಿ ಆಟಗಾರರ ಪ್ರತಿನಿಧಿಯಾಗಿ ಮಂಡಳಿಯ ಅಪೆಕ್ಸ್ ಕೌನ್ಸಿಲ್ಲಿಗೆ ಹೋದರು. 2022ರ ಅಕ್ಟೋಬರಿನಲ್ಲಿ ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಪಂದ್ಯದ ಹಣ ಗೊತ್ತಾಯಿತು: ಟೆಸ್ಟಿಗೆ 15 ಲಕ್ಷ, ಒಂದು ದಿನದ್ದಕ್ಕೆ 6, ಟಿ-ಟ್ವೆಂಟಿಗೆ 3. ಆದರೆ ವರ್ಷದ ಕರಾರಿನಲ್ಲಿ ಆಗ ಅವರ ಮೇಲಿನ ದರ್ಜೆ 50 ಲಕ್ಷ, ಗಂಡಸರದು 7 ಕೋಟಿ. 2025ರ ನವೆಂಬರ್ 2ರಂದು ವಿಶ್ವಕಪ್ಪನ್ನೇ ಗೆದ್ದರು. ಆ ರಾತ್ರಿ ನಮ್ಮ ಓಣಿಯಲ್ಲೂ ಪಟಾಕಿ ಹಾರಿತು.

ಅದರ ಬೆನ್ನಿಗೇ ನಮ್ಮ ಶಾಲೆಯ ಹುಡುಗಿಯರಿಗೆ ಒಂದು ಕರೆ ಬಂತು. ಹುಮನಾಬಾದಿನ ಹತ್ತಿರದ ಹಳ್ಳಿಯೊಂದರಲ್ಲಿ ಕಬಡ್ಡಿ. ಮ್ಯಾಟಿನ ಮೇಲೆ, ರಾತ್ರಿ ದೀಪದ ಬೆಳಕಿನಲ್ಲಿ. ಕರೆಯಲು ಬಂದ ಹುಡುಗರು ಗಂಡಸರ ಮೊದಲ ಬಹುಮಾನ 21,001 ಅಂತ ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕಿಸಿದ್ದರು. ಹುಡುಗಿಯರಿಗೆ "ಆಕರ್ಷಕ ಬಹುಮಾನ".

ನಮ್ಮ ಕ್ಯಾಪ್ಟನ್ ಒಂಬತ್ತನೆಯ ಇಯತ್ತೆಯವಳು. ತಾಯಿ ಕೂಲಿಗೆ ಹೋಗುತ್ತಾಳೆ. ಹ್ಯಾಂಡ್‌ಬಿಲ್ಲು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಆಕರ್ಷಕ ಅಂದ್ರ ಎಷ್ಟ್ ಕೊಡ್ತೀರಿ ಅಣ್ಣಾ?"

"ಶೀಲ್ಡ್ ಅದವ್ವ. ದೊಡ್ಡ ಶೀಲ್ಡ್."

"ರೊಕ್ಕ?"

ಅವರು ನನ್ನ ಮುಖ ನೋಡಿದರು. ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ.

"ರೊಕ್ಕ ಬರದಿದ್ದ ಮ್ಯಾಲ ಬರ್ತೀವ್ರಿ" ಅಂದು ಅವಳು ಕ್ಲಾಸಿಗೆ ಹೋದಳು. ಎರಡು ದಿನ ಯಾರ ಸುಳಿವೂ ಇಲ್ಲ. ಮೂರನೆಯ ದಿನ ಅದೇ ಹುಡುಗರು ಬಂದರು. ಸುತ್ತಮುತ್ತ ಹೆಣ್ಣುಮಕ್ಕಳ ತಂಡ ಇದ್ದದ್ದೇ ನಾಲ್ಕು, ಉಳಿದ ಮೂರೂ ನಮ್ಮವರು ಬಂದರೆ ಬರುತ್ತೇವೆ ಅಂದಿದ್ದವಂತೆ. ಹ್ಯಾಂಡ್‌ಬಿಲ್ಲಿನ ಮೇಲೆ ಪೆನ್ನಿನಲ್ಲಿ 5,001 ಅಂತ ಬರೆದಿತ್ತು. ಬಸ್ಸಿನ ಖರ್ಚು ಬೇರೆ ಅಂತ ನಾನು ಸೇರಿಸಿದೆ.

ಗೆದ್ದು ತಿರುಗಿ ಬರುವಾಗ ರಾತ್ರಿ ಹನ್ನೊಂದಾಗಿತ್ತು. ಶೀಲ್ಡು ಡ್ರೈವರನ ಪಕ್ಕದಲ್ಲಿತ್ತು. ಹಿಂದಿನ ಸೀಟುಗಳಲ್ಲಿ ಹನ್ನೆರಡು ಜನ ಕೂತು ಹಣ ಪಾಲು ಮಾಡುತ್ತಿದ್ದರು. ಗಣಿತದಲ್ಲಿ ಮೂವತ್ತೈದು ದಾಟದ ಹುಡುಗಿ ಬಾಯಲ್ಲೇ ಲೆಕ್ಕ ಹಾಕಿ, "ತಲೀಗೆ 416, ಉಳಿದದ್ದು 9" ಅಂದಳು. ಆ ಒಂಬತ್ತು ರೂಪಾಯಿ ಏನು ಮಾಡುವುದು ಅಂತ ಹುಮನಾಬಾದು ಬರುವ ತನಕ ಜಗಳ ನಡೆದಿತ್ತು.